ಕೂಲಿ ಬೇರೆ, ಸಾಮಾನು ಬೇರೆ: ಮೈಸೂರಿನ ಒಬ್ಬ ಎಲೆಕ್ಟ್ರಿಷಿಯನ್ನರ ರೀವೈರಿಂಗ್ ಕೆಲಸ ಮತ್ತು ಅವರ ಬಿಲ್ಲು

ಮೈಸೂರಿನ ಸರಸ್ವತಿಪುರಂ ಸುತ್ತಮುತ್ತ ಕೆಲಸ ಮಾಡುವ ಒಬ್ಬ ಎಲೆಕ್ಟ್ರಿಷಿಯನ್ ಹಾಗೂ ಅವರ ಸಹಾಯಕ ಸೇರಿ ನಮ್ಮ ಹಳೆಯ ಮನೆಗೆ ಪೂರ್ತಿಯಾಗಿ ಹೊಸ ವೈರಿಂಗ್ ಮಾಡಿಕೊಟ್ಟಿದ್ದಾರೆ. ಆ ಸೇವೆಯ ವಿಮರ್ಶೆ ಇದು. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇರುವುದೇ ಇಬ್ಬರು, ಹತ್ತು ಮನೆಗಳಿಂದ ಫೋನ್ ಬಂದರೆ ಒಪ್ಪಿಕೊಂಡ ಕೆಲಸವೂ ಕೆಡುತ್ತದೆ, ದಯವಿಟ್ಟು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ. ಹಾಗಿದ್ದರೂ ಬರೆಯುವುದಕ್ಕೆ ಕಾರಣ ಅವರ ಕೈಚಳಕಕ್ಕಿಂತ ಹೆಚ್ಚಾಗಿ ಅವರು ಬೆಲೆ ಕಟ್ಟಿದ ರೀತಿ. ಕೆಲಸ ಬಲ್ಲವರು ಊರಿನಲ್ಲಿ ಹಲವರಿದ್ದಾರೆ. ತಮ್ಮ ಕೂಲಿ ಎಷ್ಟು, ಏಕೆ ಅಷ್ಟು ಎಂಬುದನ್ನು ಕಾಗದದ ಮೇಲೆ ಬರೆದು ತೋರಿಸುವವರು ಕಡಿಮೆ.

ಕೆಲಸದ ಬಗ್ಗೆ ಮೊದಲು ಎರಡು ಮಾತು. ಮರದ ಪಟ್ಟಿಯ ಮೇಲೆ ಕ್ಲಿಪ್ಪು ಹೊಡೆದು ಓಡಿಸಿದ ವೈರುಗಳು, ಪಿಂಗಾಣಿಯ ಫ್ಯೂಸುಗಳು, ಎಲ್ಲಿಯೂ ಸರಿಯಾಗಿ ಸಿಗದ ಅರ್ಥಿಂಗ್: ಇದು ನಮ್ಮ ಮನೆಯ ಹಿಂದಿನ ಸ್ಥಿತಿ. ಈಗ ಗೋಡೆ ಕೊರೆದು ಪೈಪು ಕೂರಿಸಿ, ದೀಪ ಮತ್ತು ಫ್ಯಾನುಗಳಿಗೆ 1.5 ಚದರ ಮಿಲಿಮೀಟರ್, ಗೀಸರ್ ಮುಂತಾದ 16 ಆಂಪಿಯರ್ ಪ್ಲಗ್ಗುಗಳಿಗೆ 2.5 ಚದರ ಮಿಲಿಮೀಟರ್ ತಾಮ್ರದ ವೈರು ಎಳೆದು, ಹಿತ್ತಿಲಿನಲ್ಲಿ ಹೊಸ ಅರ್ಥ್ ಪಿಟ್ ತೆಗೆದು, ಎಂಸಿಬಿಗಳ (ಹೊರೆ ಮೀರಿದರೆ ತಾವೇ ಬಿದ್ದು ಕರೆಂಟ್ ಕಡಿಯುವ ಸ್ವಿಚ್ಚುಗಳು) ಜೊತೆಗೆ, ಕರೆಂಟ್ ಸೋರಿದರೆ ತಾನೇ ಬಿದ್ದು ಶಾಕ್‌ನಿಂದ ಕಾಪಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿದ್ದಾರೆ. ಪ್ರತಿಯೊಂದು ಎಂಸಿಬಿಯ ಕೆಳಗೆ ಅದು ಯಾವ ಕೋಣೆಯದೆಂದು ಕನ್ನಡದಲ್ಲಿ ಬರೆದ ಚೀಟಿ ಇದೆ. ಕೆಲಸದಲ್ಲಿ ಹೇಳಿಕೊಳ್ಳುವಂಥ ದೋಷ ಕಾಣಲಿಲ್ಲ.

ಇನ್ನು ಬೆಲೆಯ ವಿಚಾರ. ಈ ಕೆಲಸಕ್ಕೆ ಮೂವರಿಂದ ಎಸ್ಟಿಮೇಟ್ ತರಿಸಿದ್ದೆವು. ಒಬ್ಬರು ಮನೆಯನ್ನು ಒಂದು ಸುತ್ತು ನೋಡಿ, ಎಲ್ಲ ಸೇರಿ ಒಂದು ಲಕ್ಷ ಎಂದರು. ಅದರಲ್ಲಿ ಯಾವುದು ಎಷ್ಟು ಎಂದು ಕೇಳಿದ್ದಕ್ಕೆ ಅವೆಲ್ಲ ನಿಮಗೇಕೆ ತಲೆನೋವು ಎಂಬ ಉತ್ತರ ಬಂತು. ಇನ್ನೊಬ್ಬರು ಲೈಟ್ ಪಾಯಿಂಟಿಗೆ (ಒಂದು ದೀಪ, ಫ್ಯಾನ್ ಅಥವಾ ಸಣ್ಣ ಪ್ಲಗ್ಗಿನ ಜಾಗ) 150 ರೂಪಾಯಿ, ಪವರ್ ಪಾಯಿಂಟಿಗೆ (16 ಆಂಪಿಯರ್ ಪ್ಲಗ್ಗು) 250, ಡಿಬಿ (ಎಂಸಿಬಿಗಳಿರುವ ಪೆಟ್ಟಿಗೆ) ಕೂರಿಸಲು 2,000 ಎಂದು ಹೇಳಿ, ಸಾಮಾನನ್ನು ಮಾತ್ರ ತಾವೇ ತರುವುದಾಗಿ ಷರತ್ತು ಹಾಕಿ, ಅದಕ್ಕೆ 79,000 ಎಂದು ಬರೆದುಕೊಟ್ಟರು. ನಾವು ಒಪ್ಪಿಕೊಂಡವರು ಲೈಟ್ ಪಾಯಿಂಟಿಗೆ 320, ಪವರ್ ಪಾಯಿಂಟಿಗೆ 450, ಡಿಬಿಗೆ 3,000 ಕೇಳಿದರು. ಕೂಲಿಯನ್ನಷ್ಟೇ ನೋಡಿದರೆ ಇವರು ಎರಡು ಪಟ್ಟು ದುಬಾರಿ. 62 ಲೈಟ್ ಪಾಯಿಂಟು, 9 ಪವರ್ ಪಾಯಿಂಟು ಇರುವ ನಮ್ಮ ಮನೆಗೆ ಎರಡನೆಯವರ ಕೂಲಿ 13,550 ರೂಪಾಯಿ ಆಗುತ್ತಿದ್ದರೆ ಇವರದು 26,890 ಆಯಿತು. ಆದರೆ ಸಾಮಾನನ್ನು ಇವರು ಅಂಗಡಿಯಿಂದ ನಮ್ಮ ಹೆಸರಿಗೇ ಬಿಲ್ ಹಾಕಿಸಿ, ಹಣವನ್ನೂ ನಮ್ಮಿಂದಲೇ ನೇರವಾಗಿ ಅಂಗಡಿಗೆ ಕೊಡಿಸಿದರು. ಅದೇ ಕಂಪನಿಯ ವೈರು, ಅದೇ ಅಳತೆ, ಅದೇ ಸ್ವಿಚ್ಚುಗಳಿಗೆ ತಗುಲಿದ್ದು 58,400. ಎರಡನ್ನೂ ಕೂಡಿದರೆ ಕೂಲಿ ದುಬಾರಿಯಾದವರ ಲೆಕ್ಕ 85,290ಕ್ಕೆ ನಿಂತಿತು. ಕೂಲಿ ಅಗ್ಗವಾದವರದು 92,550 ಆಗುತ್ತಿತ್ತು.

ಎರಡನೆಯವರು ಮೋಸಗಾರರೆಂದು ನಾನು ಹೇಳುತ್ತಿಲ್ಲ. 150 ರೂಪಾಯಿಗೆ ಹಳೆಯ ಮನೆಯ ಗೋಡೆ ಕೊರೆದು ಪಾಯಿಂಟ್ ಎಳೆಯುವವರು ಬದುಕುವುದು ಹೇಗೆ ಎಂಬುದನ್ನು ನಮ್ಮ ಎಲೆಕ್ಟ್ರಿಷಿಯನ್ನರೇ ಒಂದು ಮಧ್ಯಾಹ್ನ ಟೀ ಕುಡಿಯುತ್ತ, ಸ್ವಿಚ್ ಬಾಕ್ಸಿನ ರಟ್ಟಿನ ಹಿಂಬದಿಯಲ್ಲಿ ಬರೆದು ವಿವರಿಸಿದರು. ಇಂಥ ಮನೆಯಲ್ಲಿ ಇಬ್ಬರು ಸೇರಿ ದಿನಕ್ಕೆ ಸರಾಸರಿ ಎಂಟು ಪಾಯಿಂಟ್ ಮುಗಿಸಬಹುದು. 320ರಂತೆ 2,560 ರೂಪಾಯಿ. ಅದರಲ್ಲಿ ಸಹಾಯಕನ ಕೂಲಿ 700 ಹೋಗುತ್ತದೆ. ಪೆಟ್ರೋಲು, ಕಟ್ಟರಿನ ಬ್ಲೇಡು, ಡ್ರಿಲ್ ಬಿಟ್ಟು, ಯಂತ್ರಗಳ ಸವಕಳಿ ಎಂದು 300 ಹೋಗುತ್ತದೆ. ಉಳಿಯುವುದು 1,560. ತಿಂಗಳಿಗೆ ಹದಿನೆಂಟು ದಿನ ಪೂರ್ತಿ ಕೆಲಸ ಸಿಕ್ಕರೆ 28,080. ಅದರಲ್ಲಿ ಮನೆ ಬಾಡಿಗೆ, ಮಕ್ಕಳ ಶಾಲೆ, ಬೈಕಿನ ಕಂತು ಎಲ್ಲವೂ ನಡೆಯಬೇಕು. ಇದೇ ಎಂಟು ಪಾಯಿಂಟಿಗೆ 150ರಂತೆ ಬರುವುದು 1,200. ಖರ್ಚು ಕಳೆದರೆ ಇವರ ಕೈಗೆ 200 ರೂಪಾಯಿ. "ಹೆಲ್ಪರ್‌ಗಿಂತ ಕಡಿಮೆ ದುಡಿಮೆಗೆ ಯಾರೂ ಬರಲ್ಲ ಸಾರ್, ಉಳಿದದ್ದು ಎಲ್ಲೋ ಒಂದು ಕಡೆ ಹುಟ್ಟಲೇಬೇಕು" ಎಂದರು.

ಆ ಎಲ್ಲೋ ಒಂದು ಕಡೆ ಎಂಬುದು ಸಾಮಾನಿನ ಬಿಲ್ಲು. ವೈರಿನ ಪೆಟ್ಟಿಗೆಯ ಮೇಲೆ ಮುದ್ರಿಸಿದ ಬೆಲೆಗೂ ಅಂಗಡಿಯವರು ನಿಜವಾಗಿ ಮಾರುವ ಬೆಲೆಗೂ ದೊಡ್ಡ ಅಂತರವಿರುತ್ತದೆಂದು ವಿದ್ಯುತ್ ಸಾಮಾನು ಕೊಂಡವರೆಲ್ಲ ಬಲ್ಲರು. ಶಿವರಾಂಪೇಟೆಯ ಅಂಗಡಿಯವರು ನಮಗೆ ವೈರಿನ ಮೇಲೆ ಬಿಟ್ಟದ್ದು ಸುಮಾರು ಮೂರನೇ ಒಂದು ಭಾಗ. ಕೆಲಸಗಾರ ಆ ರಿಯಾಯಿತಿ ಪಡೆದು, ಮುದ್ರಿತ ಬೆಲೆಯನ್ನೇ ಮನೆಯವರಿಗೆ ತೋರಿಸಿದರೆ ಕಾನೂನಿನ ಪ್ರಕಾರ ಎಂಆರ್‌ಪಿ ಮೀರಿದಂತಾಗುವುದಿಲ್ಲ, ಆದರೆ ಕೂಲಿಯಲ್ಲಿ ಬಿಟ್ಟುಕೊಟ್ಟದ್ದೆಲ್ಲ ಅಲ್ಲಿ ವಾಪಸು ಬರುತ್ತದೆ. ಇಷ್ಟಕ್ಕೆ ನಿಂತರೆ ಹಾನಿ ಹಣದ್ದು ಮಾತ್ರ. ಅದಕ್ಕೂ ಗಿಟ್ಟದಿದ್ದಾಗ 1.5ರ ಜಾಗಕ್ಕೆ 1 ಚದರ ಮಿಲಿಮೀಟರ್, 2.5ರ ಜಾಗಕ್ಕೆ 1.5 ಬರುತ್ತದೆ, ವೈರಿನ ಗುಣಮಟ್ಟಕ್ಕೆಂದು ಇರುವ ಭಾರತೀಯ ಮಾನಕ ಐಎಸ್ 694ರ ಗುರುತಿಲ್ಲದ ವೈರು ಬರುತ್ತದೆ. ಗಾರೆ ಮುಚ್ಚಿದ ಮೇಲೆ ಅದನ್ನು ಯಾರೂ ನೋಡುವುದಿಲ್ಲ. 3,000 ವಾಟ್ ಗೀಸರು 230 ವೋಲ್ಟಿನಲ್ಲಿ 13 ಆಂಪಿಯರ್ ಎಳೆಯುತ್ತದೆ. ಬೆಳಗಿನ ಸ್ನಾನದ ಹೊತ್ತಿನಲ್ಲಿ ಅದು ತೆಳು ವೈರಿನ ಮೇಲೆ, ಸಡಿಲವಾದ ಜೋಡಣೆಯ ಮೇಲೆ ವರ್ಷಗಟ್ಟಲೆ ಹರಿದರೆ ಬಿಸಿಯಾಗಿ ಇನ್ಸುಲೇಷನ್ ಕರಗುವ ಅಪಾಯವನ್ನು ಮನೆಯವರೇ ಹೊರಬೇಕು. ಕೂಲಿ ಕಡಿಮೆ ಮಾಡಿಸಿಕೊಂಡ ಸಂತೋಷಕ್ಕೆ ತೆರುವ ಈ ಬೆಲೆ ಯಾವ ಎಸ್ಟಿಮೇಟಿನಲ್ಲೂ ಕಾಣುವುದಿಲ್ಲ.

ಒಂದು ಸಣ್ಣ ಸಂಗತಿಯನ್ನು ವಿವರವಾಗಿ ಹೇಳಬೇಕು. ವೈರಿನ ಪೆಟ್ಟಿಗೆ ಒಡೆದಾಗ ಒಳಗೊಂದು ಕ್ಯೂಆರ್ ಚೀಟಿ ಇತ್ತು. ಪೇಂಟ್ ಡಬ್ಬದಲ್ಲಿ ಪೇಂಟರುಗಳಿಗೆಂದು ಟೋಕನ್ ಇಡುತ್ತಿದ್ದಂತೆ ವೈರಿನ ಕಂಪನಿಗಳೂ ಎಲೆಕ್ಟ್ರಿಷಿಯನ್ನರಿಗೆ ಪಾಯಿಂಟ್ಸ್ ಕೊಡುತ್ತವೆ, ಅವು ಆಮೇಲೆ ಹಣವೋ ಉಡುಗೊರೆಯೋ ಆಗುತ್ತವೆ. ಇವರು ಆ ಚೀಟಿಯನ್ನು ನನ್ನ ಕಣ್ಣೆದುರಿಗೇ ಮೊಬೈಲಿನಿಂದ ಸ್ಕ್ಯಾನ್ ಮಾಡಿ, "ಇದು ಕಂಪನಿಯವರು ನಮಗೆ ಕೊಡೋದು ಸಾರ್, ನೀವು ಯಾವ ಕಂಪನಿ ಹೇಳಿದ್ರೂ ಅದರಲ್ಲಿ ಇರುತ್ತೆ" ಎಂದರು. ಕಂಪನಿಯನ್ನು ಆರಿಸಿದ್ದು ನಾವು. ಇವರು ಹೇಳಿದ್ದು ವೈರಿನ ಅಳತೆ, ಗುಣಮಟ್ಟ, ಎಷ್ಟು ಕಾಯಿಲ್ ಬೇಕೆಂಬುದನ್ನು ಮಾತ್ರ. ಕಮಿಷನ್ನೆಂದರೆ ಪಾಪವೆಂದು ನಾನು ತಿಳಿದಿಲ್ಲ. ಅಂಗಡಿಗೆ ಗಿರಾಕಿ ತಂದವರಿಗೆ ಏನಾದರೂ ಸಿಗುವುದು ಹಳೆಯ ರೂಢಿ. ಅದು ನನ್ನ ಬೆಲೆಯನ್ನು ಹೆಚ್ಚಿಸುತ್ತದೆಯೇ, ಯಾವ ಸಾಮಾನು ತರಬೇಕೆಂಬುದನ್ನು ಅದೇ ನಿರ್ಧರಿಸುತ್ತಿದೆಯೇ ಎಂಬುದಷ್ಟೇ ಪ್ರಶ್ನೆ. ಇಲ್ಲಿ ಎರಡೂ ಆಗಲಿಲ್ಲ.

320 ರೂಪಾಯಿ ನ್ಯಾಯವಾದ ದರವೇ? ನನ್ನ ಅಭಿಪ್ರಾಯದಲ್ಲಿ ಹೌದು. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡು ಎರಡು ವರ್ಷದ ಓದು, ಆಮೇಲೆ ಯಾರದಾದರೂ ಕೈಕೆಳಗೆ ಕೆಲವು ವರ್ಷದ ದುಡಿಮೆ. ಕೈಗೆ ಸಿಗುವ ದಿನಗೂಲಿಯನ್ನು ಮೂವತ್ತರಿಂದ ಗುಣಿಸಿ ತಿಂಗಳ ಸಂಪಾದನೆ ಎಂದುಕೊಳ್ಳುವುದು ನಮ್ಮಂಥ ಸಂಬಳದವರ ತಪ್ಪು ಲೆಕ್ಕ. ಎಸ್ಟಿಮೇಟ್ ಹಾಕಲು ಹೋದ ದಿನ, ಸಾಮಾನು ಆರಿಸಿಕೊಡಲು ಅಂಗಡಿಯಲ್ಲಿ ನಿಂತ ಮಧ್ಯಾಹ್ನ, ಗಾರೆಯವರು ಬಾರದೆ ಕೆಲಸ ನಿಂತ ದಿನ, ಗೃಹಪ್ರವೇಶಗಳಿಲ್ಲದ ಆಷಾಢ, ಇವಕ್ಕೆಲ್ಲ ಯಾರೂ ಪ್ರತ್ಯೇಕವಾಗಿ ಹಣ ಕೊಡುವುದಿಲ್ಲ. ಕೆಲಸವಿರುವ ದಿನದ ದರದಲ್ಲಿಯೇ ಅವು ಸೇರಿರಬೇಕು. ಸರಕಾರವೂ ಇದನ್ನು ಒಪ್ಪಿಕೊಂಡಿದೆ. ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆಯಲ್ಲಿ ಸಾಮಾನು, ಕೂಲಿ ಎಲ್ಲ ಲೆಕ್ಕ ಹಾಕಿದ ಮೇಲೆ ಗುತ್ತಿಗೆದಾರನ ಲಾಭ ಮತ್ತು ಮೇಲುಖರ್ಚಿಗೆಂದು ಶೇಕಡಾ 15 ಸೇರಿಸುತ್ತಾರೆ. ಕಟ್ಟಡ ಕಟ್ಟಿಸುವ ಇಲಾಖೆಯೇ ಬಹಿರಂಗವಾಗಿ ಕೊಡುವ ಈ ಭಾಗವನ್ನು ಮನೆ ಬಾಗಿಲಿಗೆ ಬಂದ ಕೆಲಸಗಾರ ಕೇಳಿದರೆ ಮಾತ್ರ ನಮಗೆ ದುರಾಸೆಯಾಗಿ ಕಾಣುತ್ತದೆ.

ಇವರ ಇನ್ನೊಂದು ಕ್ರಮ ನನಗೆ ಹಿಡಿಸಿತು. ಬಂದು ನೋಡಿ ಎಸ್ಟಿಮೇಟ್ ಬರೆದುಕೊಡಲು 300 ರೂಪಾಯಿ ತೆಗೆದುಕೊಳ್ಳುತ್ತಾರೆ. ಕೆಲಸ ಅವರಿಗೇ ಕೊಟ್ಟರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಬಿಟ್ಟಿಯಾಗಿ ನಾಲ್ಕಾರು ಜನರನ್ನು ಕರೆಸಿ, ಅವರ ಅರ್ಧ ದಿನ ಕಳೆಸಿ, ಕಡೆಗೆ ಎಲ್ಲರ ದರವನ್ನೂ ಒಬ್ಬರ ಮುಂದೆ ಒಬ್ಬರದನ್ನು ಹಿಡಿದು ಚೌಕಾಸಿ ಮಾಡುವ ಅಭ್ಯಾಸ ನಮ್ಮಲ್ಲಿ ಬಹಳ. ಆ ಬಿಟ್ಟಿ ಭೇಟಿಗಳ ಖರ್ಚನ್ನು ಕೊನೆಗೆ ಕೆಲಸ ಕೊಟ್ಟ ಗಿರಾಕಿಯೇ ಅರಿಯದೆ ತೆರುತ್ತಾನೆ. ಹಣವನ್ನೂ ಇವರು ಹಂತಹಂತವಾಗಿ ಕೇಳುತ್ತಾರೆ: ಕೂಲಿಗೆ ಮುಂಗಡವಿಲ್ಲ, ಪೈಪು ಕೂರಿಸಿದ ಮೇಲೆ ಶೇಕಡಾ 40, ವೈರು ಎಳೆದ ಮೇಲೆ 40, ಪರೀಕ್ಷೆ ಮಾಡಿ ತೋರಿಸಿದ ಮೇಲೆ ಉಳಿದ 20. ಅಡ್ವಾನ್ಸ್ ಪಡೆದು ಇನ್ನೊಂದು ಮನೆಗೆ ಹೋಗಿಬಿಡುವ ಕೆಲಸಗಾರರ ಬಗ್ಗೆ ದೂರುವವರು, ಕೆಲಸ ಮುಗಿದ ಮೇಲೆ ಕಡೆಯ ಕಂತನ್ನು ತಿಂಗಳುಗಟ್ಟಲೆ ಎಳೆಯುವ ಮನೆಯವರ ಬಗ್ಗೆ ಮಾತಾಡುವುದಿಲ್ಲ. ಈ ಕ್ರಮದಲ್ಲಿ ಇಬ್ಬರಿಗೂ ಹಿಡಿತವಿದೆ.

ಒಂದು ವಿಷಯದಲ್ಲಿ ಇವರು ಜಗ್ಗಲೇ ಇಲ್ಲ. ಖರ್ಚು ಏರುತ್ತಿದೆಯೆಂದು ನಮ್ಮ ಮನೆಯಲ್ಲೇ ಒಬ್ಬರು ಆರ್‌ಸಿಸಿಬಿ ಬೇಕೇ ಎಂದು ಕೇಳಿದಾಗ, "ಅದು ಬೇಡ ಅಂದ್ರೆ ಈ ಕೆಲಸ ನನಗೆ ಬೇಡ ಅಮ್ಮ" ಎಂದುಬಿಟ್ಟರು. ಸಾಮಾನಿನಲ್ಲಿ ಅವರಿಗೆ ಲಾಭವಿಲ್ಲದಿದ್ದುದರಿಂದ ಈ ಮಾತನ್ನು ಅನುಮಾನಿಸಲು ಕಾರಣವೇ ಇರಲಿಲ್ಲ. ಸಾಮಾನಿನಿಂದ ಸಂಪಾದಿಸುವವರು ಇದೇ ಮಾತು ಹೇಳಿದ್ದರೆ ನಾವು ನಂಬುತ್ತಿದ್ದೆವೋ ಇಲ್ಲವೋ. ಮನೆಗೆ ಮಂಜೂರಾದ ವಿದ್ಯುತ್ ಲೋಡ್ ಹೆಚ್ಚಿಸಿಕೊಳ್ಳುವ ಕೆಲಸ ತಮ್ಮದಲ್ಲ, ಅದಕ್ಕೆ ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕ ಇಲ್ಲಿಯ ವಿದ್ಯುತ್ ಸರಬರಾಜು ಸಂಸ್ಥೆಯಾದ ಸೆಸ್ಕ್‌ಗೆ ಅರ್ಜಿ ಹೋಗಬೇಕು, ಅವರ ಶುಲ್ಕ ಬೇರೆ ಎಂಬುದನ್ನೂ ಮೊದಲೇ ತಿಳಿಸಿದ್ದರು.

ಕೊರತೆಗಳೂ ಇವೆ. ಎಲ್ಲ ಲೈಟ್ ಪಾಯಿಂಟಿಗೂ ಒಂದೇ ದರ ಎಂಬುದು ಲೆಕ್ಕಕ್ಕೆ ಸುಲಭ, ನ್ಯಾಯಕ್ಕೆ ಅಷ್ಟು ಸರಿಯಲ್ಲ. ಸ್ವಿಚ್ ಬೋರ್ಡಿನ ಪಕ್ಕದಲ್ಲೇ ಬರುವ ಪ್ಲಗ್ಗಿಗೂ, ಇಟ್ಟಿಗೆ ಗೋಡೆಯುದ್ದಕ್ಕೂ ಕೊರೆದು ತಾರಸಿಯವರೆಗೆ ಒಯ್ಯಬೇಕಾದ ದೀಪಕ್ಕೂ 320 ಎಂದರೆ ಸಣ್ಣ ಮನೆಯವರು ದೊಡ್ಡ ಮನೆಯವರ ಉದ್ದದ ವೈರಿಗೆ ಕೂಲಿ ಕೊಟ್ಟಂತೆ. ಹತ್ತಿರದ ಮತ್ತು ದೂರದ ಪಾಯಿಂಟುಗಳಿಗೆ ಎರಡು ದರ ಇಟ್ಟರೆ ಒಳ್ಳೆಯದು. ಮೆಟ್ಟಿಲಿನ ದೀಪಕ್ಕೆ ಮೇಲೊಂದು ಕೆಳಗೊಂದು ಟೂ-ವೇ ಸ್ವಿಚ್ ಬಂದದ್ದನ್ನು ಅವರು ಎರಡು ಪಾಯಿಂಟ್ ಎಂದು ಎಣಿಸಿದ್ದು ಬಿಲ್ಲು ಬಂದಾಗಲೇ ತಿಳಿಯಿತು. ಎರಡು ಬಾಕ್ಸು, ಹೆಚ್ಚಿನ ವೈರು ಇರುವುದರಿಂದ ಆ ಎಣಿಕೆ ತಪ್ಪಲ್ಲ. ಎಸ್ಟಿಮೇಟಿನಲ್ಲಿ ಒಂದು ಸಾಲು ಬರೆಯದಿದ್ದದ್ದು ತಪ್ಪು.

ಇದಕ್ಕಿಂತ ದೊಡ್ಡದು ಪ್ಯಾಚ್ ವರ್ಕಿನ ವಿಚಾರ. ಗೋಡೆ ಕೊರೆದ ಮೇಲೆ ಮುಚ್ಚುವುದು ಗಾರೆಯವರ ಕೆಲಸ, ಅದಕ್ಕೆ ಬೇರೆಯೇ 6,500 ರೂಪಾಯಿ ಆಯಿತು. ಕೊರೆಯುವವರಿಗೆ ಇದು ದಿನನಿತ್ಯದ ಸಂಗತಿಯಾದ್ದರಿಂದ ಹೇಳಬೇಕೆಂದು ತೋಚಲಿಲ್ಲವೇನೋ, ಆದರೆ ಜೀವಮಾನದಲ್ಲಿ ಒಂದು ಸಲ ವೈರಿಂಗ್ ಮಾಡಿಸುವ ಮನೆಯವರಿಗೆ ಅದು ಹೇಗೆ ಗೊತ್ತಾಗಬೇಕು? ತಮ್ಮ ಬಿಲ್ಲಿಗೆ ಸೇರದಿದ್ದರೂ ತಮ್ಮ ಕೆಲಸದಿಂದಲೇ ಹುಟ್ಟುವ ಖರ್ಚನ್ನು ಅಂದಾಜಾಗಿಯಾದರೂ ಹೇಳುವುದು ಕೆಲಸಗಾರರ ಜವಾಬ್ದಾರಿಯಲ್ಲಿ ಸೇರುತ್ತದೆಂದು ನಾನು ಭಾವಿಸುತ್ತೇನೆ.

ಹಳೆಯ ವೈರಿನ ಗುಜರಿಯ ಬಗ್ಗೆಯೂ ಮೊದಲೇ ಮಾತಾಗಿರಲಿಲ್ಲ. ಕಿತ್ತ ವೈರಿನ ತಾಮ್ರ, ಸ್ವಿಚ್ಚುಗಳ ಹಿತ್ತಾಳೆ ಕೆಲಸಗಾರರಿಗೇ ಎಂಬುದು ಹಲವು ಕಡೆಯ ರೂಢಿ. ಸಹಾಯಕ ಅದನ್ನು ಚೀಲಕ್ಕೆ ತುಂಬಿ ಗೇಟಿನ ಬಳಿ ಇಟ್ಟಿದ್ದನ್ನು ನೋಡಿ ನಾನು ಕೇಳಿದೆ. ಮಾರನೆಯ ದಿನ ಗುಜರಿ ಅಂಗಡಿಯ ತೂಕದ ಚೀಟಿ ತಂದು, ಬಂದ ಹಣವನ್ನು ಬಿಲ್ಲಿನಲ್ಲಿ ಕಳೆದರು. ಕೇಳದೆ ಇದ್ದಿದ್ದರೆ ಕಳೆಯುತ್ತಿದ್ದರೋ ಇಲ್ಲವೋ ಹೇಳಲಾರೆ. ರೂಢಿಯಂತೆ ಅದು ಅವರಿಗೇ ಹೋದರೂ ನನ್ನ ಅಭ್ಯಂತರವಿಲ್ಲ, ಎಸ್ಟಿಮೇಟಿನಲ್ಲಿ ಬರೆದಿದ್ದರೆ ಸಾಕು.

ಬಿಲ್ಲಿನ ವಿಚಾರದಲ್ಲಿ ಇವರನ್ನು ಮೆಚ್ಚಬೇಕು. ಕೂಲಿಗೆ ಸಹಿ ಮಾಡಿದ ಬಿಲ್ ಕೊಟ್ಟರು, ಜಿಎಸ್‌ಟಿ ಹಾಕಲಿಲ್ಲ. ಸೇವೆ ಒದಗಿಸುವವರ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟದಿದ್ದರೆ ಕರ್ನಾಟಕದಲ್ಲಿ ನೋಂದಣಿ ಬೇಕಿಲ್ಲ, ನೋಂದಣಿ ಇಲ್ಲದವರು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತೆಯೂ ಇಲ್ಲ. ಬಿಲ್ಲಿನಲ್ಲಿ ಶೇಕಡಾ 18 ಎಂದು ಬರೆದು ನೋಂದಣಿ ಸಂಖ್ಯೆ ಹಾಕದವರನ್ನು ಪ್ರಶ್ನಿಸಬೇಕು. ಸೇವೆಗೆ ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ ಎಂಬುದು ಅನೇಕ ಕೆಲಸಗಾರರಿಗೂ ಗಿರಾಕಿಗಳಿಗೂ ತಿಳಿದಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಸಣ್ಣ ವ್ಯಾಪಾರಿಗಳಿಗೆ ಬಂದಾಗ ಬೆಂಗಳೂರಿನ ಹಲವು ಅಂಗಡಿಗಳು ಕ್ಯೂಆರ್ ಫಲಕ ತೆಗೆದು ನಗದು ಮಾತ್ರ ಎಂದು ಬರೆದುಕೊಂಡವು. ಇವರು ಈಗಲೂ ಯುಪಿಐ ತೆಗೆದುಕೊಳ್ಳುತ್ತಾರೆ, ಹೆದರದಿರಲು ಕಾರಣವೂ ಇದೆ: ಸಾಮಾನಿನ ಹಣ ಇವರ ಖಾತೆಗೆ ಬರುವುದೇ ಇಲ್ಲ. ಗಿರಾಕಿಯಿಂದ ಸಾಮಾನು, ಕೂಲಿ ಎರಡರ ಹಣವನ್ನೂ ಪಡೆದು ತಾವೇ ಬಿಲ್ ಮಾಡುವವರಿಗೆ ಲಾಭ ಬಂದದ್ದು ಅಲ್ಪವಾದರೂ ವಹಿವಾಟು ಮಾತ್ರ ಪೂರ್ತಿ ಮೊತ್ತದಷ್ಟು ಬೆಳೆಯುತ್ತದೆ, ಮಿತಿ ಬೇಗ ತುಂಬುತ್ತದೆ. ಕೂಲಿ ಬೇರೆ, ಸಾಮಾನು ಬೇರೆ ಎಂಬ ಕ್ರಮದಿಂದ ಗಿರಾಕಿಗಿಂತ ಕೆಲಸಗಾರರಿಗೇ ಹೆಚ್ಚು ಅನುಕೂಲವೆಂದು ನನಗೆ ಈ ಲೆಕ್ಕ ನೋಡಿದ ಮೇಲೆ ಅನ್ನಿಸಿತು.

ಮೊಬೈಲ್ ಆ್ಯಪಿನ ಮೂಲಕ ಬರುವ ಎಲೆಕ್ಟ್ರಿಷಿಯನ್ನರ ಸೇವೆಯನ್ನೂ ನಾವು ಬಳಸಿದ್ದೇವೆ. ಫ್ಯಾನ್ ಕೂರಿಸುವುದು, ಸ್ವಿಚ್ ಬದಲಿಸುವುದು ಮುಂತಾದ ಬಿಡಿ ಕೆಲಸಕ್ಕೆ ಅಲ್ಲಿ ದರಪಟ್ಟಿ ಮೊದಲೇ ಕಾಣುತ್ತದೆ, ಅದೊಂದು ಒಳ್ಳೆಯ ಪದ್ಧತಿ. ಹಳೆಯ ಮನೆಯ ವೈರಿಂಗಿನಂಥ ಕೆಲಸಕ್ಕೆ ಆ ಪಟ್ಟಿ ಸಾಲದು. ನಾವು ಕೊಟ್ಟ ಹಣದಲ್ಲಿ ಬಂದು ದುಡಿದವರಿಗೆ ಎಷ್ಟು ಸೇರುತ್ತದೆ ಎಂಬುದೂ ಬಿಲ್ಲಿನಲ್ಲಿ ಕಾಣಲಿಲ್ಲ. ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆ ಇಂಥ ವೇದಿಕೆಗಳಿಂದ ಕಾರ್ಮಿಕರಿಗೆ ಸಲ್ಲುವ ಮೊತ್ತದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಪಡೆಯಲು ಅವಕಾಶ ಮಾಡಿದೆ. ನಮ್ಮ ಎಲೆಕ್ಟ್ರಿಷಿಯನ್ನರಂತೆ ಸ್ವತಂತ್ರವಾಗಿ ದುಡಿಯುವವರಿಗೆ ಆ ಶುಲ್ಕದ ಆಸರೆಯಿಲ್ಲ. ಮುಪ್ಪಿಗೂ ಕಾಯಿಲೆಗೂ ಬೇಕಾದದ್ದನ್ನು ಅವರು ಇದೇ 320ರೊಳಗೆ ಹುಡುಕಬೇಕು.

ಮನೆಯ ಮುಂದೆ ಕಾರು ನಿಂತಿದ್ದರೆ ಒಂದು ದರ, ಇಲ್ಲದಿದ್ದರೆ ಇನ್ನೊಂದು ಎಂದು ಮುಖ ನೋಡಿ ಮಣೆ ಹಾಕುವವರನ್ನು ನಾವೆಲ್ಲ ಕಂಡಿದ್ದೇವೆ. ನಮ್ಮ ಹಿಂದಿನ ಬೀದಿಯಲ್ಲಿ ಆಟೋ ಓಡಿಸುವವರೊಬ್ಬರ ಮನೆಗೂ ಇವರೇ ವೈರಿಂಗ್ ಮಾಡಿದ್ದಾರೆ. ಅವರ ಬಿಲ್ಲನ್ನು ಕೇಳಿ ನೋಡಿದೆ: ಪಾಯಿಂಟಿಗೆ ಅದೇ 320. ವ್ಯತ್ಯಾಸವಿದ್ದದ್ದು ಹಣ ಪಡೆದ ರೀತಿಯಲ್ಲಿ. ಅವರಿಗೆ ಕಡೆಯ ಭಾಗವನ್ನು ಕಂತುಗಳಲ್ಲಿ ಕೊಡಲು ಬಿಟ್ಟಿದ್ದರು. ಬಡವರಿಗೆ ಕಡಿಮೆ ಮಾಡಬಾರದೇ ಎಂದರೆ ಮಾಡಬಹುದು, ಅದು ಅವರ ಮನಸ್ಸಿಗೆ ಬಿಟ್ಟದ್ದು. ಆದರೆ ಒಬ್ಬರಿಗೆ ಬಿಟ್ಟದ್ದನ್ನು ಮತ್ತೊಬ್ಬರಿಂದ ತಿಳಿಸದೆ ವಸೂಲು ಮಾಡುವುದಕ್ಕಿಂತ ಈ ದಾರಿಯೇ ಉತ್ತಮವೆಂದು ನನಗೆ ತೋರುತ್ತದೆ. ರಾತ್ರಿ ಹೊತ್ತು ತುರ್ತಾಗಿ ಕರೆದರೆ ಇವರ ಶುಲ್ಕ 500; ಅದನ್ನು ಫೋನಿನಲ್ಲೇ ಹೇಳಿ, ಒಪ್ಪಿಗೆಯೇ ಎಂದು ಕೇಳಿದ ಮೇಲೆ ಹೊರಡುತ್ತಾರೆ. ಕತ್ತಲಲ್ಲಿ ಕೂತವರ ಅಸಹಾಯಕತೆಗೆ ಬೆಲೆ ಕಟ್ಟುವುದಕ್ಕೂ ನಿದ್ದೆ ಬಿಟ್ಟು ಬರುವ ಶ್ರಮಕ್ಕೆ ಬೆಲೆ ಕಟ್ಟುವುದಕ್ಕೂ ಇರುವ ಅಂತರ ಇಷ್ಟೇ, ಮೊತ್ತ ಬರುವ ಮೊದಲು ಗೊತ್ತಾಗುತ್ತದೆಯೋ ಬಂದ ಮೇಲೋ.

ಒಂದೆರಡು ಕೋಣೆಯ ಅಥವಾ ಇಡೀ ಮನೆಯ ವೈರಿಂಗ್ ಬದಲಿಸುವವರು, ಸಾಮಾನಿಗೆ ತಾವೇ ಅಂಗಡಿಗೆ ಹೋಗಲು ಸಿದ್ಧರಿರುವವರು ಇಂಥ ಕ್ರಮದ ಕೆಲಸಗಾರರನ್ನು ಹುಡುಕುವುದು ಲೇಸು. ಎಲ್ಲವನ್ನೂ ಒಬ್ಬರಿಗೇ ಒಪ್ಪಿಸಿ ತಾವು ಬೇರೆ ಊರಿನಲ್ಲಿ ಇರುವವರಿಗೆ ಇದು ಹೊಂದುವುದಿಲ್ಲ. ಅವರು ಒಟ್ಟು ಗುತ್ತಿಗೆ ಕೊಟ್ಟು, ಮೇಲ್ವಿಚಾರಣೆಗೆಂದು ಇಂತಿಷ್ಟು ಎಂದು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು.

ಕೆಲಸಕ್ಕೆ ಇವರು ಒಂದು ವರ್ಷದ ಭರವಸೆ ಕೊಟ್ಟಿದ್ದಾರೆ, ಅದು ಬಾಯಿಮಾತಿನದು. ಬಿಲ್ಲಿನ ಮೇಲೆ ಬರೆದುಕೊಡುವುದು ಮೇಲು. ಮಳೆಗಾಲದಲ್ಲಿ ಒಮ್ಮೆ ಆರ್‌ಸಿಸಿಬಿ ಮತ್ತೆ ಮತ್ತೆ ಬೀಳತೊಡಗಿದಾಗ ಕರೆದೆವು. ಒಂದೊಂದೇ ಎಂಸಿಬಿ ಇಳಿಸಿ ನೋಡುತ್ತ ಹೋಗಿ, ಗೇಟಿನ ದೀಪದೊಳಗೆ ನೀರು ಇಳಿದಿರುವುದನ್ನು ಕಂಡುಹಿಡಿದರು. ಆ ದೀಪವನ್ನು ನಾವೇ ತಂದು ಬೇರೆಯವರಿಂದ ಹಾಕಿಸಿದ್ದೆವು. ವೈರಿಂಗಿನ ದೋಷವಾಗಿದ್ದರೆ ಹಣ ಬೇಡ, ಇದು ದೀಪದ್ದು ಎಂದು ಹೇಳಿ ಭೇಟಿಯ 300 ರೂಪಾಯಿ ತೆಗೆದುಕೊಂಡು, ಚೀಟಿಯ ಮೇಲೆ ಕಾರಣವನ್ನೂ ಬರೆದುಕೊಟ್ಟರು.